ಶಾಲೆಗಳ ಮಧ್ಯಮ ಹಂತದ ನಾಯಕರ ತರಬೇತಿ: ಇಂಗ್ಲೆಂಡ್

ಇಂಗ್ಲೆಂಡಿನ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರಿಗೂ ತರಗತಿ ಶಿಕ್ಷಕರಿಗೂ ನಡುವೆ ನಿಂತು ಹೊಣೆ ಹೊರುವವರನ್ನು ಮಧ್ಯಮ ಹಂತದ ನಾಯಕರು ಎಂದು ಗುರುತಿಸಲಾಗುತ್ತದೆ. ಪ್ರೌಢಶಾಲೆಯ ಗಣಿತ, ವಿಜ್ಞಾನ ಮೊದಲಾದ ವಿಭಾಗಗಳ ಮುಖ್ಯಸ್ಥರು, ಒಂದು ವರ್ಷದ ತರಗತಿಗಳ ಎಲ್ಲ ಮಕ್ಕಳ ಯೋಗಕ್ಷೇಮ ನೋಡಿಕೊಳ್ಳುವ ‘ಹೆಡ್ ಆಫ್ ಇಯರ್’, ಪ್ರಾಥಮಿಕ ಶಾಲೆಯ ವಿಷಯ ಸಂಯೋಜಕರು, ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಯನ್ನು ನೋಡಿಕೊಳ್ಳುವ ‘ಸೆನ್ಕೊ’ ಈ ಗುಂಪಿಗೆ ಸೇರುತ್ತಾರೆ. ಇವರು ಸಾಮಾನ್ಯವಾಗಿ ದಿನದ ಹೆಚ್ಚಿನ ಹೊತ್ತು ಪಾಠ ಮಾಡುತ್ತಲೇ ಇರುತ್ತಾರೆ. ಜೊತೆಗೆ, ತಮ್ಮ ವಿಭಾಗದ ಉಳಿದ ಶಿಕ್ಷಕರು ಹೇಗೆ ಪಾಠ ಮಾಡುತ್ತಿದ್ದಾರೆ ಎಂಬುದಕ್ಕೂ ಉತ್ತರ ಕೊಡಬೇಕು. ಇವರಿಗೆಂದೇ ತರಬೇತಿ ಬೇಕೆಂಬ ಯೋಚನೆ ಬಂದದ್ದು ಹುದ್ದೆಗಳು ಹುಟ್ಟಿ ಎಷ್ಟೋ ಕಾಲದ ಮೇಲೆ.

ಈ ಹುದ್ದೆಗಳ ಬೇರು ಇರುವುದು ಸಂಬಳದ ಪಟ್ಟಿಯಲ್ಲಿ. 1919ರಿಂದ ಶಿಕ್ಷಕರ ವೇತನವನ್ನು ನಿರ್ಧರಿಸುತ್ತಿದ್ದ ಬರ್ನ್‌ಹ್ಯಾಮ್ ಸಮಿತಿ, ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಹೆಚ್ಚುವರಿ ಹೊಣೆ ಹೊತ್ತವರಿಗೆ ಹೆಚ್ಚುವರಿ ಭತ್ಯೆ ಕೊಡುವ ಪದ್ಧತಿಯನ್ನು ಬೆಳೆಸಿತು. 1965ರ ಸರ್ಕಾರಿ ಸುತ್ತೋಲೆಯ ನಂತರ ಎಲ್ಲ ಬಗೆಯ ಮಕ್ಕಳಿಗೂ ಒಂದೇ ಸೂರಿನಡಿ ಕಲಿಸುವ ‘ಕಾಂಪ್ರೆಹೆನ್ಸಿವ್’ ಶಾಲೆಗಳು ಹರಡಿದವು. ಶಾಲೆಗಳು ದೊಡ್ಡದಾದಷ್ಟೂ ಒಬ್ಬ ಮುಖ್ಯೋಪಾಧ್ಯಾಯರ ಕೈಯಲ್ಲಿ ಎಲ್ಲವನ್ನೂ ನಿಭಾಯಿಸುವುದು ಆಗದ ಮಾತಾಯಿತು. ವಿಭಾಗ ಮುಖ್ಯಸ್ಥರ ಸಂಖ್ಯೆ ಏರಿತು. ಆದರೆ ಹುದ್ದೆ ಸಿಗುತ್ತಿದ್ದದ್ದು ಹೆಚ್ಚಾಗಿ ಒಳ್ಳೆಯ ಶಿಕ್ಷಕರೆಂಬ ಹೆಸರಿಗೆ, ಸೇವಾವಧಿಗೆ. ಒಳ್ಳೆಯ ಶಿಕ್ಷಕರು ಸಹೋದ್ಯೋಗಿಗಳನ್ನೂ ತಾವಾಗಿಯೇ ಮುನ್ನಡೆಸಬಲ್ಲರು ಎಂಬ ನಂಬಿಕೆಯನ್ನು ಯಾರೂ ಹೆಚ್ಚು ಪ್ರಶ್ನಿಸಲಿಲ್ಲ.

1972ರ ಜೇಮ್ಸ್ ವರದಿ ಶಿಕ್ಷಕರೆಲ್ಲರಿಗೂ ಸೇವಾವಧಿಯಲ್ಲಿ ನಿಯತವಾಗಿ ತರಬೇತಿ ಬಿಡುವು ಸಿಗಬೇಕೆಂದಿತು. ಆ ದಶಕದ ಹಣಕಾಸಿನ ಮುಗ್ಗಟ್ಟಿನಲ್ಲಿ ಅದು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಮಧ್ಯಮ ಹಂತದ ಪಾತ್ರ ಎದ್ದು ಕಂಡದ್ದು ವಿಷಯವಾರು ವರದಿಗಳಲ್ಲಿ. ಭಾಷೆಯನ್ನು ಕುರಿತ 1975ರ ಬುಲಕ್ ವರದಿ, ಗಣಿತವನ್ನು ಕುರಿತ 1982ರ ಕಾಕ್‌ಕ್ರಾಫ್ಟ್ ವರದಿ ಎರಡೂ ಶಾಲೆಯಲ್ಲಿ ಆಯಾ ವಿಷಯಕ್ಕೆ ಹೊಣೆಗಾರರೊಬ್ಬರು ಇರಬೇಕೆಂದವು. ಇವೆರಡರ ನಡುವೆ, 1978ರಲ್ಲಿ ಪ್ರಾಥಮಿಕ ಶಾಲೆಗಳ ಸಮೀಕ್ಷೆ ನಡೆಸಿದ ಸರ್ಕಾರಿ ತನಿಖಾಧಿಕಾರಿಗಳಿಗೆ ಇನ್ನೊಂದು ಸಂಗತಿ ಕಂಡಿತು: ಹೊಣೆಯ ಹುದ್ದೆಯಲ್ಲಿದ್ದವರ ಪ್ರಭಾವ ತಮ್ಮ ತರಗತಿಯ ಬಾಗಿಲು ದಾಟಿದ್ದ ಶಾಲೆಗಳು ಕಡಿಮೆ. ಹೀಗಿದ್ದರೂ 1983ರಲ್ಲಿ ಸರ್ಕಾರ ಮೊದಲ ಬಾರಿಗೆ ಶಾಲಾ ಆಡಳಿತದ ತರಬೇತಿಗೆ ಪ್ರತ್ಯೇಕ ಹಣ ಕೊಟ್ಟಾಗ ಅದು ಸಂದದ್ದು ಮುಖ್ಯೋಪಾಧ್ಯಾಯರಿಗೆ ಮತ್ತು ಅವರ ಕೆಳಗಿನ ಹಿರಿಯರಿಗೆ. ಅದೇ ವರ್ಷ ಬ್ರಿಸ್ಟಲ್‌ನಲ್ಲಿ ತೆರೆದ ರಾಷ್ಟ್ರೀಯ ಕೇಂದ್ರದ ಗಮನವೂ ಅವರ ಮೇಲೆಯೇ ಇತ್ತು.

1980ರ ದಶಕದ ಕೊನೆಯಲ್ಲಿ ಚಿತ್ರ ಬದಲಾಯಿತು. 1987ರಲ್ಲಿ ರೂಪುಗೊಂಡ ಹೊಸ ಸೇವಾ ಷರತ್ತುಗಳು ವರ್ಷಕ್ಕೆ 195 ಕೆಲಸದ ದಿನಗಳನ್ನು ಗೊತ್ತುಮಾಡಿ, ಅದರಲ್ಲಿ ಐದು ದಿನ ಮಕ್ಕಳಿಲ್ಲದೆ ಶಿಕ್ಷಕರು ಮಾತ್ರ ಸೇರುವಂತೆ ಮಾಡಿದವು. ಶಿಕ್ಷಣ ಸಚಿವ ಕೆನ್ನೆತ್ ಬೇಕರ್ ಅವರ ಹೆಸರಿನಿಂದ ಇವು ‘ಬೇಕರ್ ಡೇ’ಗಳಾದವು. 1988ರ ಶಿಕ್ಷಣ ಸುಧಾರಣಾ ಕಾಯ್ದೆ ರಾಷ್ಟ್ರೀಯ ಪಠ್ಯಕ್ರಮವನ್ನು ತಂದಿತು, ಶಾಲೆಯ ಬಜೆಟ್ಟನ್ನೂ ಶಾಲೆಗೇ ಒಪ್ಪಿಸಿತು. ಮುಖ್ಯೋಪಾಧ್ಯಾಯರು ಲೆಕ್ಕಪತ್ರದಲ್ಲಿ ಮುಳುಗಿದಂತೆ ಪಠ್ಯಕ್ರಮದ ಭಾರ ನಡುವಿನವರ ಹೆಗಲಿಗೆ ಜಾರಿತು. 1992ರಲ್ಲಿ ಸ್ಥಾಪನೆಯಾದ ತನಿಖಾ ಸಂಸ್ಥೆ ‘ಆಫ್‌ಸ್ಟೆಡ್’ನ ತಂಡ ಶಾಲೆಗೆ ಬಂದಾಗ, ವಿಜ್ಞಾನದ ಫಲಿತಾಂಶ ಏಕೆ ಕುಸಿದಿದೆ ಎಂಬ ಪ್ರಶ್ನೆಗೆ ವಿಜ್ಞಾನ ವಿಭಾಗದ ಮುಖ್ಯಸ್ಥರೂ ಉತ್ತರ ಹುಡುಕಬೇಕಾಯಿತು.

ಉತ್ತರದಾಯಿತ್ವ ಮೊದಲು ಬಂತು, ತರಬೇತಿ ಅದರ ಹಿಂದೆ. 1994ರಲ್ಲಿ ಸ್ಥಾಪಿತವಾದ ಶಿಕ್ಷಕ ತರಬೇತಿ ಸಂಸ್ಥೆ 1998ರಲ್ಲಿ ವಿಷಯ ನಾಯಕರಿಗಾಗಿ ರಾಷ್ಟ್ರೀಯ ಮಾನದಂಡಗಳನ್ನು ಪ್ರಕಟಿಸಿತು. ವಿಷಯಕ್ಕೆ ದಿಕ್ಕು ತೋರಿಸುವುದು, ಬೋಧನೆ ಮತ್ತು ಕಲಿಕೆ, ಸಿಬ್ಬಂದಿಯನ್ನು ಮುನ್ನಡೆಸುವುದು, ಜನ ಮತ್ತು ಸಾಮಗ್ರಿಯ ಸದ್ಬಳಕೆ ಎಂದು ಕೆಲಸವನ್ನು ಅದು ವಿಂಗಡಿಸಿತು. ಮಾನದಂಡವೇನೋ ಬಂತು, ಅದನ್ನು ಮುಟ್ಟಲು ನೆರವಾಗುವ ದೇಶವ್ಯಾಪಿ ಕೋರ್ಸ್ ಇರಲಿಲ್ಲ. ಆ ಕೊರತೆಗೆ ಕೈಹಾಕಿದ್ದು 2000ದಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಆರಂಭವಾದ ರಾಷ್ಟ್ರೀಯ ಶಾಲಾ ನಾಯಕತ್ವ ಕಾಲೇಜು. ಅದರ 2001ರ ಚೌಕಟ್ಟು ಶಾಲಾ ನಾಯಕರ ವೃತ್ತಿಜೀವನವನ್ನು ಐದು ಹಂತಗಳಾಗಿ ನೋಡಿ, ಮೊದಲ ಹಂತದಲ್ಲೇ ಮಧ್ಯಮ ನಾಯಕರಿಗೆ ಜಾಗ ಕೊಟ್ಟಿತು. 2003ರ ಹೊತ್ತಿಗೆ ‘ಲೀಡಿಂಗ್ ಫ್ರಮ್ ದ ಮಿಡ್ಲ್’ ಎಂಬ ಕಾರ್ಯಕ್ರಮ ಜಾರಿಗೆ ಬಂತು. ಒಂದೇ ಶಾಲೆಯ ಕೆಲವರು ಒಟ್ಟಿಗೆ ಸೇರಿಕೊಳ್ಳುವುದು, ಅದೇ ಶಾಲೆಯ ಹಿರಿಯರೊಬ್ಬರು ಅವರಿಗೆ ಕೋಚ್ ಆಗುವುದು, ಆನ್‌ಲೈನ್ ಕಲಿಕೆಯ ಜೊತೆಗೆ ಮುಖಾಮುಖಿ ದಿನಗಳು: ಇದು ಅದರ ಕ್ರಮ. ಕಲಿತದ್ದನ್ನು ಮರುದಿನವೇ ಅದೇ ಸ್ಟಾಫ್‌ರೂಮಿನಲ್ಲಿ ಪ್ರಯೋಗಿಸಬೇಕಾದ ಈ ಏರ್ಪಾಡು ನಂತರದ ಎಷ್ಟೋ ಕೋರ್ಸ್‌ಗಳಿಗಿಂತ ವಾಸ್ತವಕ್ಕೆ ಹತ್ತಿರವಿತ್ತು.

ಇದೇ ಕಾಲೇಜಿಗಾಗಿ ನೈಜೆಲ್ ಬೆನೆಟ್ ಮತ್ತು ಸಂಗಡಿಗರು 2003ರಲ್ಲಿ ಸಿದ್ಧಪಡಿಸಿದ ಸಂಶೋಧನಾ ಸಮೀಕ್ಷೆ ಈ ಹುದ್ದೆಯ ಇಕ್ಕಟ್ಟನ್ನು ನೇರವಾಗಿ ಹಿಡಿಯಿತು. ಇಡೀ ಶಾಲೆಯ ದೃಷ್ಟಿಯಿಂದ ಯೋಚಿಸಿ ಎಂದು ಮೇಲಿನವರು ಹೇಳುತ್ತಾರೆ. ವಿಭಾಗದವರು ನಮ್ಮ ಪರ ನಿಲ್ಲಿ ಎನ್ನುತ್ತಾರೆ. ಅಧಿಕಾರದ ಶ್ರೇಣಿ ಒಂದು ಕಡೆ, ನಾವೆಲ್ಲ ಸಮಾನರು ಎಂಬ ವೃತ್ತಿಬಾಂಧವ್ಯ ಇನ್ನೊಂದು ಕಡೆ. ತರಗತಿ ವೀಕ್ಷಣೆಯಲ್ಲಿ ಇದು ಎದ್ದು ಕಾಣುತ್ತದೆ. ನಿನ್ನೆಯವರೆಗೆ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದವರು ಇಂದು ನೋಟ್‌ಬುಕ್ ಹಿಡಿದು ತರಗತಿಯ ಹಿಂದಿನ ಸಾಲಿನಲ್ಲಿ ಕೂತರೆ ಅದು ನೆರವೋ ಕಣ್ಗಾವಲೋ ಎಂಬ ಶಂಕೆ ಸಹಜ. ಹಾಗಾಗಿ ನಾಯಕರು ವೀಕ್ಷಣೆಯನ್ನೇ ತಪ್ಪಿಸಿ ಫಲಿತಾಂಶದ ಅಂಕಿಗಳನ್ನೋ ಮಕ್ಕಳ ಬರಹದ ಪುಸ್ತಕಗಳನ್ನೋ ನೋಡಿ ಸುಮ್ಮನಾಗುವುದುಂಟು. ತರಬೇತಿ ಕೊಡಬೇಕಾದ ಕೌಶಲ ಮುಖ್ಯವಾಗಿ ಇಲ್ಲಿದೆ. ಗುರಿ, ದೃಷ್ಟಿಕೋನ ಎಂದು ಮಾತಾಡುವ ಕೋರ್ಸ್‌ಗಳು ಇದನ್ನು ಬದಿಗೊತ್ತಿದ್ದೇ ಹೆಚ್ಚು.

2006ರಿಂದ ಹಳೆಯ ನಿರ್ವಹಣಾ ಭತ್ಯೆಯ ಜಾಗಕ್ಕೆ ಬೋಧನೆ ಮತ್ತು ಕಲಿಕೆಯ ಹೊಣೆಗೆ ತಳಕು ಹಾಕಿದ ‘ಟಿ.ಎಲ್.ಆರ್.’ ಭತ್ಯೆ ಬಂತು. 2008ರಲ್ಲಿ ಬಡ ಪ್ರದೇಶಗಳ ಶಾಲೆಗಳನ್ನು ಗುರಿಯಾಗಿಸಿಕೊಂಡು ಹುಟ್ಟಿದ ‘ಟೀಚಿಂಗ್ ಲೀಡರ್ಸ್’ ಮಧ್ಯಮ ಹಂತಕ್ಕೇ ಮೀಸಲಾಗಿತ್ತು; 2016ರಲ್ಲಿ ಅದು ಮತ್ತೊಂದು ಸಂಸ್ಥೆಯೊಂದಿಗೆ ವಿಲೀನವಾಯಿತು. 2010ರಲ್ಲಿ ಅಧಿಕಾರಕ್ಕೆ ಬಂದ ಸರ್ಕಾರ ತರಬೇತಿಯನ್ನು ಶಾಲೆಗಳ ಕೈಗೇ ಕೊಡಲು ಹೊರಟಿತು. ಆಗ ಆಯ್ದ ‘ಟೀಚಿಂಗ್ ಸ್ಕೂಲ್’ಗಳು ಸುತ್ತಲಿನ ಶಾಲೆಗಳವರಿಗೂ ಕೋರ್ಸ್ ನಡೆಸಿದವು. ಮಧ್ಯಮ ನಾಯಕತ್ವದ ರಾಷ್ಟ್ರೀಯ ವೃತ್ತಿ ಅರ್ಹತೆ, ಅಂದರೆ ‘ಎನ್.ಪಿ.ಕ್ಯೂ.ಎಂ.ಎಲ್.’, ಈ ಹಂತದಲ್ಲಿ ರೂಪುಗೊಂಡಿತು. ನಾಟಿಂಗ್‌ಹ್ಯಾಮ್ ಕಾಲೇಜು 2013ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಸೇರಿ, 2018ರಲ್ಲಿ ಪೂರ್ತಿ ಮುಚ್ಚಿತು.

ಮುಚ್ಚುವ ಮೊದಲು ಆ ಕಾಲೇಜಿನ ಅನುಭವ ಭಾರತಕ್ಕೂ ತಲುಪಿತ್ತು. ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನಾ ಮತ್ತು ಆಡಳಿತ ವಿಶ್ವವಿದ್ಯಾಲಯ 2012ರಲ್ಲಿ ತೆರೆದ ಶಾಲಾ ನಾಯಕತ್ವ ಕೇಂದ್ರವು ತನ್ನ ಪಠ್ಯಕ್ರಮ ಚೌಕಟ್ಟನ್ನು ರೂಪಿಸುವಾಗ ಅದರ ಸಹಯೋಗ ಪಡೆಯಿತು. ಆದರೆ ಇಲ್ಲಿ ಗಮನವಿದ್ದದ್ದು ಮುಖ್ಯ ಶಿಕ್ಷಕರ ಮೇಲೆ. ಇಂಗ್ಲೆಂಡಿನಲ್ಲಿ ಮಧ್ಯಮ ನಾಯಕರು ಶಾಲೆಯೊಳಗಿದ್ದು ಮಾಡುವಂತೆ ಶಿಕ್ಷಕರಿಗೆ ಶೈಕ್ಷಣಿಕ ಬೆಂಬಲ ಕೊಡುವ ಕೆಲಸವನ್ನು ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಶಾಲೆಯ ಹೊರಗಿರುವ ಕ್ಲಸ್ಟರ್ ಮತ್ತು ಬ್ಲಾಕ್ ಸಂಪನ್ಮೂಲ ವ್ಯಕ್ತಿಗಳು (ಸಿ.ಆರ್.ಪಿ., ಬಿ.ಆರ್.ಪಿ.) ಮಾಡುತ್ತಾರೆ. ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಲ್ಲಿ 1990ರ ದಶಕದ ನಡುಭಾಗದಲ್ಲಿ ಶುರುವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದೊಂದಿಗೆ (ಡಿ.ಪಿ.ಇ.ಪಿ.) ಇವರು ಕೆಲಸ ಮಾಡುವ ಸಂಪನ್ಮೂಲ ಕೇಂದ್ರಗಳ ವ್ಯವಸ್ಥೆ ಬೆಳೆಯಿತು.

ಇಂಗ್ಲೆಂಡಿನಲ್ಲಿ 2017ರ ಪರಿಷ್ಕರಣೆ ‘ಎನ್.ಪಿ.ಕ್ಯೂ.ಎಂ.ಎಲ್.’ ಅನ್ನು ಉಳಿಸಿಕೊಂಡು, ಅಭ್ಯರ್ಥಿ ತನ್ನ ತಂಡದಲ್ಲಿ ನಡೆಸುವ ಸುಧಾರಣಾ ಯೋಜನೆಯನ್ನೇ ಮೌಲ್ಯಮಾಪನಕ್ಕೆ ಇಟ್ಟಿತು. 2021ರಲ್ಲಿ ಅದು ರದ್ದಾಗಿ, ಅದರ ಬದಲಿಗೆ ಬೋಧನೆಗೆ ಒಂದು, ಶಿಕ್ಷಕರ ಬೆಳವಣಿಗೆಗೆ ಒಂದು, ಮಕ್ಕಳ ನಡವಳಿಕೆ ಮತ್ತು ಶಾಲಾ ಸಂಸ್ಕೃತಿಗೆ ಒಂದು ಎಂದು ಮೂರು ಬೇರೆ ಬೇರೆ ಅರ್ಹತೆಗಳು ಬಂದವು. ಓದು-ಬರಹ ಮತ್ತು ಪ್ರಾಥಮಿಕ ಗಣಿತದ ಅರ್ಹತೆಗಳು ಆಮೇಲೆ ಸೇರಿದವು. ಒಟ್ಟು ನಾಯಕತ್ವಕ್ಕಿಂತ ನಿರ್ದಿಷ್ಟ ಕೆಲಸದ ಜ್ಞಾನ ಮುಖ್ಯ ಎಂಬ ನಿಲುವು ಇದರ ಹಿಂದಿತ್ತು. ಮೌಲ್ಯಮಾಪನವೂ ಬದಲಾಯಿತು: ಕಾಲ್ಪನಿಕ ಶಾಲೆಯೊಂದರ ಸನ್ನಿವೇಶವನ್ನು ಓದಿ, ಎಂಟು ದಿನಗಳೊಳಗೆ 1,500 ಪದಗಳಲ್ಲಿ ಉತ್ತರ ಬರೆದುಕೊಡಬೇಕು. ಅಭ್ಯರ್ಥಿಯ ಹೊರೆ ಇದರಿಂದ ತಗ್ಗಿತು. ಆದರೆ ಸ್ವಂತ ಸಹೋದ್ಯೋಗಿಗಳೊಡನೆ ಏಗಿದ್ದಕ್ಕೆ ಸಾಕ್ಷ್ಯ ಕೊಡುವ ಹಳೆಯ ಅಗತ್ಯವೂ ಹೋಯಿತು.

ಈ ಅರ್ಹತೆಗಳು ಯಾವುವೂ ಕಡ್ಡಾಯವಲ್ಲ. ಅಪವಾದ ಸೆನ್ಕೊ ಒಬ್ಬರೇ. ಮುಖ್ಯವಾಹಿನಿಯ ಸರ್ಕಾರಿ ಅನುದಾನದ ಶಾಲೆಗಳಲ್ಲಿ ಹೊಸದಾಗಿ ಆ ಹೊಣೆ ಹೊತ್ತವರು 2009ರಿಂದ ಗೊತ್ತಾದ ಅವಧಿಯೊಳಗೆ ರಾಷ್ಟ್ರೀಯ ಅರ್ಹತೆ ಪಡೆಯಲೇಬೇಕು. 2024ರಲ್ಲಿ ಅದೂ ರಾಷ್ಟ್ರೀಯ ವೃತ್ತಿ ಅರ್ಹತೆಗಳ, ಅಂದರೆ ‘ಎನ್.ಪಿ.ಕ್ಯೂ.’, ಸರಣಿಗೆ ಸೇರಿತು. ಉಳಿದ ಕೋರ್ಸ್‌ಗಳಿಗೆ 2021ರಿಂದ ದೊರೆಯುತ್ತಿದ್ದ ವ್ಯಾಪಕ ಸರ್ಕಾರಿ ಧನಸಹಾಯವನ್ನು 2024ರಲ್ಲೇ ಮೊಟಕುಗೊಳಿಸಿ, ಹಿಂದುಳಿದ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಆದ್ಯತೆ ಕೊಡಲಾಯಿತು.