ಭದ್ರಾವತಿಯ ಅಧ್ಯಕ್ಷರು ಮತ್ತು 1928ರ ವರದಿ

ವಿಶ್ವೇಶ್ವರಯ್ಯನವರ ಬದುಕನ್ನು ಎರಡು ಕೋಣೆ ಮಾಡಿ ನಡುವೆ ಗೋಡೆ ಎಬ್ಬಿಸುವುದು ನಮ್ಮ ಜೀವನಚರಿತ್ರೆಕಾರರ ಹಳೆಯ ಚಾಳಿ. 1918ರ ಕೊನೆಯವರೆಗೆ ಮೈಸೂರಿನ ದಿವಾನಗಿರಿ, ಅದು ರಾಜಕಾರಣದ ಕೋಣೆ. 1923ರಿಂದ 1929ರವರೆಗೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆ, ಅದು ಉದ್ಯಮದ ಕೋಣೆ. ರಾಜಕೀಯ ಬಿಟ್ಟು ಬಂದ ಎಂಜಿನಿಯರು ಕುಲುಮೆಯ ಮುಂದೆ ನಿಂತು ನಷ್ಟದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದರು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಅವರು ಸಂಬಳ ಮುಟ್ಟದೆ, ಆ ಹಣದಿಂದ ಬೆಂಗಳೂರಿನಲ್ಲಿ ಕಸುಬಿನ ಶಿಕ್ಷಣ ಸಂಸ್ಥೆ ಆಗುವಂತೆ ಮಾಡಿದ್ದು ನಿಜ. 1943ರಲ್ಲಿ ಶುರುವಾದ ಆ ಸಂಸ್ಥೆ ಈಗಲೂ ಜಯಚಾಮರಾಜೇಂದ್ರರ ಹೆಸರಿನಲ್ಲಿ ನಡೆಯುತ್ತಿದೆ. ಆದರೆ ಈ ತ್ಯಾಗದ ಪ್ರಸಂಗವನ್ನೇ ಎಳೆದೆಳೆದು, ಸರ್ಕಾರಿ ಮೇಣದ ಬತ್ತಿ ಆರಿಸಿ ಸ್ವಂತ ಬತ್ತಿ ಹಚ್ಚಿದ ಕಥೆಯನ್ನೂ ಅದರ ಪಕ್ಕದಲ್ಲಿಟ್ಟು, ಆರು ವರ್ಷಗಳ ಅಧ್ಯಕ್ಷಗಿರಿಯನ್ನು ನೀತಿಪಾಠವಾಗಿ ಮುಗಿಸಿಬಿಡುವ ಬರಹಗಳ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ.

ಆ ಗೋಡೆಯನ್ನು ಕೆಡವಲು ಒಂದು ದಾಖಲೆಯಿಂದ ಹೊರಡೋಣ: ಬೆಂಗಳೂರು ಗಲಭೆಗಳ ವಿಚಾರಣಾ ಸಮಿತಿಯ 1928ರ ವರದಿ.

ಸುಲ್ತಾನ್‌ಪೇಟೆಯ ಶಾಲೆಯ ಗಣಪತಿಯಿಂದ ಹುಟ್ಟಿದ ಗಲಭೆಯ ವಿವರಗಳನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ವಿಷಯ ಬೀದಿಗೆ ಬಂತು, ಬಂಧನಗಳಾದವು, ಪತ್ರಿಕೆಗಳ ಮೇಲೆ ಸರ್ಕಾರದ ಕೈ ಬಿತ್ತು. ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಸರ್ಕಾರ ವಿಚಾರಣೆಗೆ ಸಮಿತಿ ನೇಮಿಸಿತು. ವಿಶ್ವೇಶ್ವರಯ್ಯ ಅದರ ಅಧ್ಯಕ್ಷರು. ಗಲಭೆಯ ಕಾರಣ ಹುಡುಕಲು ಹೊರಟ ಸಮಿತಿ ಕೊನೆಗೆ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರದ, ಎಂದರೆ ಪ್ರಜೆಗಳ ಪ್ರತಿನಿಧಿಗಳಿಗೆ ಉತ್ತರ ಕೊಡುವ ಸರ್ಕಾರದ ಕಡೆಗೆ ಹೆಜ್ಜೆ ಇಡಬೇಕೆಂಬ ಶಿಫಾರಸಿಗೆ ಬಂದು ನಿಂತಿತು. ಶಾಲೆಯ ಆವರಣದ ಒಂದು ವಿಗ್ರಹದ ತಗಾದೆಯಿಂದ ಆಡಳಿತ ಪದ್ಧತಿಯ ಬುಡಕ್ಕೇ ಈ ಜಿಗಿತ ಹೇಗಾಯಿತು? ವಾದವೆಲ್ಲ ಇರುವುದು ಇಲ್ಲಿ.

ಒಂದು ಓದಿನ ಪ್ರಕಾರ ಇದು ಮಾಜಿ ದಿವಾನರು ಹಾಲಿ ದಿವಾನರಿಗೆ ಕೊಟ್ಟ ಪೆಟ್ಟು. ಹರಟೆಗೆ ಇದು ಚೆನ್ನ, ಪುರಾವೆಗೆ ಸಾಲದು. ಹಾಲಿ ದಿವಾನರನ್ನು ಚುಚ್ಚುವುದಷ್ಟೇ ಉದ್ದೇಶವಾಗಿದ್ದರೆ ಪೊಲೀಸರ ಮೇಲೆ, ಅಧಿಕಾರಿಗಳ ಮೇಲೆ ನಾಲ್ಕು ಪುಟ ಟೀಕೆ ಬರೆದಿದ್ದರೆ ಆಗುತ್ತಿತ್ತು. ಜವಾಬ್ದಾರಿ ಸರ್ಕಾರ ಬಂದರೆ ಕೈಕಟ್ಟುವುದು ಬರೀ ಮಿರ್ಜಾ ಅವರದಲ್ಲ, ಮುಂದೆ ಬರುವ ದಿವಾನರೆಲ್ಲರದೂ. ಹಿಂದೆ ತಾವೇ ಕೂತಿದ್ದ ಕುರ್ಚಿಯ ಅಧಿಕಾರವನ್ನು ಕಡಿಮೆ ಮಾಡಿ ಎನ್ನುವವರ ಮಾತನ್ನು ಹಗೆತನದ ಲೆಕ್ಕಕ್ಕೆ ಬರೆಯುವುದು ಸೋಮಾರಿತನ.

ಎರಡನೆಯ ಓದು ಹೆಚ್ಚು ಗಂಭೀರವಾದದ್ದು. ಅದಕ್ಕೆ ಗೌರವ ಕೊಟ್ಟೇ ಉತ್ತರಿಸಬೇಕು. 1917ರಲ್ಲಿ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಲಿ ಹುಟ್ಟಿತು, 1918ರಲ್ಲಿ ಸರ್ಕಾರಿ ನೌಕರಿಯಲ್ಲಿ ಅವರ ಪ್ರಾತಿನಿಧ್ಯ ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಕವಾಯಿತು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡುವ ಪ್ರಶ್ನೆಯಲ್ಲಿ ಮಹಾರಾಜರೊಡನೆ ಭಿನ್ನಾಭಿಪ್ರಾಯ ಬಂದು ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟರು. ಹಾಗಾದರೆ ಹತ್ತು ವರ್ಷಗಳ ನಂತರದ ಜವಾಬ್ದಾರಿ ಸರ್ಕಾರದ ಮಾತು, ನೌಕರಿಯಲ್ಲಿ ಹಿಡಿತ ಕಳೆದುಕೊಳ್ಳುತ್ತಿದ್ದ ಮೇಲ್ಜಾತಿ ವಿದ್ಯಾವಂತರು ಬೇರೆ ಬಾಗಿಲಿನಿಂದ ಅಧಿಕಾರಕ್ಕೆ ಬರಲು ಮಾಡಿದ ಪ್ರಯತ್ನವಲ್ಲವೇ? ಈ ಪ್ರಶ್ನೆಯಲ್ಲಿ ಸತ್ಯಾಂಶವಿದೆ. ಮಿಲ್ಲರ್ ಸಮಿತಿಯ ವಿಷಯದಲ್ಲಿ ಅವರ ನಿಲುವು ತಪ್ಪೆಂದು ನಾನೂ ಭಾವಿಸುತ್ತೇನೆ. (ಭದ್ರಾವತಿಯಲ್ಲಿ ಬೆಳೆದವನಿಗೆ ಇದನ್ನು ಬರೆಯುವುದು ಸಲೀಸಲ್ಲ, ಊರಿನ ಅರ್ಧ ಫಲಕಗಳ ಮೇಲೆ ಅವರ ಹೆಸರಿದೆ.) ಆದರೂ ಈ ಓದು 1918ರಿಂದ 1928ಕ್ಕೆ ಒಂದೇ ನೆಗೆತಕ್ಕೆ ಹಾರುತ್ತದೆ. ನಡುವಿನ ಹತ್ತು ವರ್ಷ ಅವರು ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂಬುದು ಅದಕ್ಕೆ ಬೇಡವಾಗಿದೆ.

ನಡುವೆ ಇದ್ದದ್ದು ಭದ್ರಾವತಿ. 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬಿದ್ದಾಗ ಯುದ್ಧಕಾಲದ ಕಬ್ಬಿಣದ ಬೆಲೆ ಇಳಿದುಹೋಗಿತ್ತು. ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಮರ ಭಟ್ಟಿ ಇಳಿಸುವ ದುಬಾರಿ ಘಟಕ, ಹೊರಗಿನ ವ್ಯವಸ್ಥಾಪಕರು: ಇಷ್ಟನ್ನೂ ಹೊತ್ತ ಕಾರ್ಖಾನೆಗೆ ಅದೇ ವರ್ಷ ಅವರು ಅಧ್ಯಕ್ಷರಾದರು. ಅದೇ 1923ರಲ್ಲಿ, ಆಡಳಿತ ಸುಧಾರಣೆ ಕುರಿತ ಬ್ರಜೇಂದ್ರನಾಥ ಸೀಲ್ ಸಮಿತಿಯ ವರದಿಯ ಬೆನ್ನಲ್ಲೇ, ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ಸಿಕ್ಕಿತು. ಎರಡೂ ಒಂದೇ ವರ್ಷದವು ಎಂಬುದನ್ನು ನಮ್ಮವರು ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆದು ಮರೆತಿದ್ದಾರೆ. ವಿದ್ವಾಂಸರಲ್ಲಿ ಮೇನರ್ 1977ರಲ್ಲಿ ಮೈಸೂರಿನ ರಾಜಕೀಯ ಬದಲಾವಣೆಯನ್ನು ಬರೆದರು, ಹೆಟ್ನೆ 1978ರಲ್ಲಿ ಅದರ ಆರ್ಥಿಕ ವ್ಯವಸ್ಥೆಯನ್ನು ಬರೆದರು. ಇಬ್ಬರಿಗೂ ನನ್ನ ಸಾಲ ದೊಡ್ಡದು. ಅವರ ನಂತರ ಬಂದವರು ಮಾತ್ರ ಒಂದು ಪುಸ್ತಕ ಓದಿದರೆ ಇನ್ನೊಂದನ್ನು ಮುಟ್ಟದೆ ಇದ್ದುಬಿಟ್ಟರು.

ಭದ್ರಾವತಿ ಕಾರ್ಖಾನೆಗೆ ಷೇರುದಾರರಿರಲಿಲ್ಲ. ಬಂಡವಾಳ ಬೊಕ್ಕಸದ್ದು, ಎಂದರೆ ರೈತರ ಕಂದಾಯದ್ದು. ಟಾಟಾ ಕಂಪನಿಯ ಜಮ್‌ಷೆಡ್‌ಪುರದಲ್ಲಿ ನಷ್ಟವಾದರೆ ಷೇರುದಾರರ ವಾರ್ಷಿಕ ಸಭೆಯಲ್ಲಿ ಉತ್ತರ ಕೊಡಬೇಕು. ಭದ್ರಾವತಿಯಲ್ಲಿ ನಷ್ಟವಾದರೆ ಉತ್ತರ ಕೊಡಬೇಕಾದ್ದು ಯಾರಿಗೆ? ಕಾಗದದ ಮೇಲೆ ದಿವಾನರಿಗೆ, ಅವರ ಮೂಲಕ ಅರಮನೆಗೆ. ಹಣ ಕೊಟ್ಟವರ ಪ್ರತಿನಿಧಿಗಳು ಪ್ರಜಾಪ್ರತಿನಿಧಿ ಸಭೆಯಲ್ಲಿ ಕೇಳಬಹುದಿತ್ತು, ಆದರೆ ಸರ್ಕಾರವನ್ನು ಕಟ್ಟಿಹಾಕುವಂತಿರಲಿಲ್ಲ. ದೊಡ್ಡ ಸರ್ಕಾರಿ ಉದ್ಯಮವನ್ನು ನಡೆಸುವವನಿಗೆ ಈ ಸ್ಥಿತಿ ಎರಡು ಕಡೆಯಿಂದಲೂ ಇಕ್ಕಟ್ಟು: ಮೇಲಿನವರ ಮರ್ಜಿ ಬದಲಾದರೆ ಹಣ ನಿಲ್ಲುತ್ತದೆ, ಕೆಳಗಿನವರ ಒಪ್ಪಿಗೆಯ ಬಲವೂ ಜೊತೆಗಿಲ್ಲ. 1927ರಲ್ಲಿ ಅವರು ಟಾಟಾ ಉಕ್ಕು ಕಂಪನಿಯ ನಿರ್ದೇಶಕರಾದರು. ಖಾಸಗಿ ಉಕ್ಕಿನ ಲೆಕ್ಕ ಯಾರ ಮುಂದೆ ಬಿಚ್ಚುತ್ತದೆ, ಸರ್ಕಾರಿ ಕಬ್ಬಿಣದ ಲೆಕ್ಕ ಯಾರ ಮುಂದೆ ಬಿಚ್ಚುತ್ತದೆ ಎಂಬ ವ್ಯತ್ಯಾಸವನ್ನು ಅವರಿಗಿಂತ ಹತ್ತಿರದಿಂದ ಕಂಡವರು ಅಂದಿನ ಮೈಸೂರಿನಲ್ಲಿ ವಿರಳ. ಮರುವರ್ಷವೇ 1928ರ ವರದಿ. ಗಲಭೆ ಅದಕ್ಕೆ ನೆಪ ಎಂದರೆ ಹೆಚ್ಚಾದೀತು, ಸಂದರ್ಭ ಎಂದರೆ ಸರಿಹೋಗುತ್ತದೆ.

ಆಕ್ಷೇಪವೊಂದಿದೆ. ವರದಿ ಸಮಿತಿಯದು, ಅದನ್ನು ಅಧ್ಯಕ್ಷರೊಬ್ಬರ ಮನಸ್ಸು ಎಂದು ಓದಬಹುದೇ? ಅದೊಂದೇ ಇದ್ದಿದ್ದರೆ ನಾನೂ ಹಿಂಜರಿಯುತ್ತಿದ್ದೆ. ಆದರೆ 1929ರ ಜನವರಿಯಲ್ಲಿ ತಿರುವನಂತಪುರದಲ್ಲಿ ದಕ್ಷಿಣ ಭಾರತದ ಸಂಸ್ಥಾನಗಳ ಪ್ರಜೆಗಳ ಸಮ್ಮೇಳನ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ಕೂತವರೂ ವಿಶ್ವೇಶ್ವರಯ್ಯನವರೇ. ಸಂಸ್ಥಾನಗಳ ಕುರಿತ ಬ್ರಿಟಿಷ್ ಸರ್ಕಾರದ ಬಟ್ಲರ್ ಸಮಿತಿಯ ಮುಂದೆ ರಾಜರು ತಮ್ಮ ಹಕ್ಕುಗಳನ್ನು ಮಂಡಿಸುತ್ತಿದ್ದ ಕಾಲ ಅದು. ಪ್ರಜೆಗಳ ಪರವಾಗಿ ಸೇರಿದ ಸಭೆಗೆ ಒಂದು ಸಂಸ್ಥಾನದ ಮಾಜಿ ದಿವಾನರು ಅಧ್ಯಕ್ಷರಾಗುವುದು ಸಣ್ಣ ಮಾತಲ್ಲ. ಅಲ್ಲಿ ಸಮಿತಿಯ ಮರೆ ಇರಲಿಲ್ಲ. ಇನ್ನೂ ಹಿಂದೆ, 1922ರ ಜನವರಿಯಲ್ಲಿ ಮುಂಬಯಿಯ ಸರ್ವಪಕ್ಷ ಸಮ್ಮೇಳನದಿಂದ ಅದರ ಅಧ್ಯಕ್ಷ ಶಂಕರನ್ ನಾಯರ್ ಎದ್ದುಹೋದಾಗ, ಗಾಂಧಿಯವರಿದ್ದ ಆ ಸಭೆಯ ಅಧ್ಯಕ್ಷತೆ ವಹಿಸಿದವರೂ ಇವರೇ. ರಾಜಕಾರಣ ಬಿಟ್ಟವರ ದಿನಚರಿ ಹೀಗಿರುವುದಿಲ್ಲ.

ಭದ್ರಾವತಿಯ ಅಧ್ಯಕ್ಷತೆ ಮುಗಿದದ್ದೂ 1929ರಲ್ಲೇ. ತಿರುವನಂತಪುರದ ಸಮ್ಮೇಳನವನ್ನೂ ಇದನ್ನೂ ಗಂಟುಹಾಕಿ ‘ರಾಜಕೀಯ ಮಾತಾಡಿದ್ದಕ್ಕೆ ಕಾರ್ಖಾನೆ ಕೈತಪ್ಪಿತು’ ಎಂದು ಬರೆದರೆ ಶೀರ್ಷಿಕೆ ಚೆನ್ನಾಗಿರುತ್ತದೆ. ಒಂದೇ ವರ್ಷದಲ್ಲಿ ಆದದ್ದೆಲ್ಲ ಒಂದಕ್ಕೊಂದು ಕಾರಣವಾಗುವುದಿಲ್ಲ. ನನ್ನ ವಾದಕ್ಕೆ ಆ ಊಹೆಯ ಹಂಗೂ ಬೇಕಿಲ್ಲ.

ಉದ್ಯಮಿ ರಾಜಕಾರಣಕ್ಕೆ ಬರುವ ದಾರಿ ಎಂದರೆ ಹಣ ಮಾಡು, ಚುನಾವಣೆಗೆ ನಿಲ್ಲು ಎಂಬುದು ಈಗ ರೂಢಿ. ಹೋಲಿಕೆಗೆ ಬ್ರೆಜಿಲನ್ನು ನೋಡಿ. ಅಲ್ಲಿನ ಮಿನಾಸ್ ಜೆರಾಯಿಸ್ ಪ್ರಾಂತ್ಯದಲ್ಲಿ ಇಂದಿಗೂ ನೀಲಗಿರಿ ಮರದ ಇದ್ದಿಲಿನಿಂದ ಬೀಡುಕಬ್ಬಿಣ ತೆಗೆಯುತ್ತಾರೆ. ಕುಲುಮೆಯ ಮಟ್ಟಿಗೆ ಅದು ಭದ್ರಾವತಿಯ ದೂರದ ದಾಯಾದಿ. ಆ ಪ್ರಾಂತ್ಯದ ಜವಳಿ ಗಿರಣಿಗಳ ಒಡೆಯ ಜೋಸೆ ಅಲೆಂಕಾರ್ ಸೆನೆಟರಾಗಿ, 2003ರಿಂದ 2010ರವರೆಗೆ ದೇಶದ ಉಪಾಧ್ಯಕ್ಷರಾಗಿದ್ದರು. ಅಧ್ಯಕ್ಷರು ಲೋಹ ಕಾರ್ಮಿಕರ ಮುಖಂಡರಾಗಿದ್ದ ಲೂಲಾ. ಒಡೆಯ, ಕಾರ್ಮಿಕ ಇಬ್ಬರೂ ಒಂದೇ ಸರ್ಕಾರದಲ್ಲಿ. ಭದ್ರಾವತಿಯಲ್ಲಿ ಈ ಜೋಡಿ ಆಗುವಂತಿರಲಿಲ್ಲ, ಏಕೆಂದರೆ ಒಡೆಯನೇ ಸರ್ಕಾರ. ಒಂದು ಬದಿ ಮಾತ್ರ ಮತಪೆಟ್ಟಿಗೆಗೆ ಉಳಿಯಿತು: 1994ರಲ್ಲಿ ಎಂ.ಜೆ. ಅಪ್ಪಾಜಿ ಪಕ್ಷೇತರರಾಗಿ ವಿಧಾನಸಭೆಗೆ ಹೋದದ್ದು ಕಾರ್ಮಿಕ ಮುಖಂಡರಾಗಿ. ಆಡಳಿತ ಮಂಡಲಿಯ ಕಡೆಯವರಿಗೆ ರಾಜಕೀಯ ಮಾತಾಡಲು ಇದ್ದದ್ದು ಸಮಿತಿ, ಸಮ್ಮೇಳನ, ವರದಿಗಳೇ. ವಿಶ್ವೇಶ್ವರಯ್ಯ ಹಿಡಿದದ್ದೂ ಅವನ್ನೇ.

ಹಾಗಾಗಿ 1928ರ ವರದಿಯನ್ನು ಕೋಮುಗಲಭೆಗಳ ಇತಿಹಾಸದ ಕಪಾಟಿನಿಂದ ತೆಗೆದು ಕಾರ್ಖಾನೆಯ ಆ ವರ್ಷಗಳ ಆಡಳಿತ ವರದಿಗಳ ಪಕ್ಕ ಇಡಬೇಕು. ಶಿಫಾರಸುಗಳ ಭಾಗವನ್ನು ಲೆಕ್ಕಪತ್ರಗಳ ಜೊತೆಗೇ ಓದಬೇಕು. ಕಾರ್ಖಾನೆಯ ಈಗಿನ ಒಡೆಯ ಭಾರತೀಯ ಉಕ್ಕು ಪ್ರಾಧಿಕಾರ ಭದ್ರಾವತಿಯ ಘಟಕವನ್ನು ಮುಚ್ಚುವ ನಿರ್ಧಾರಕ್ಕೆ ಬಂದದ್ದು 2023ರ ಜನವರಿಯಲ್ಲಿ, ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷಕ್ಕೆ. ಆಗ ಗೇಟಿನ ಮುಂದೆ ಕೂತ ಗುತ್ತಿಗೆ ಕಾರ್ಮಿಕರೂ, ಈ ಕಾರ್ಖಾನೆಯ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸಬೇಕು ಎಂದೇ ಕೇಳುತ್ತಿದ್ದರು.