ನಿನ್ನ ಬಗ್ಗೆ ಬರಿ ಅಂದಾಗ

ಹೋದ ವರ್ಷ ಬೇಸಿಗೆಯಲ್ಲಿ ಹಿರೋಳ್ಳಿಯಿಂದ ಒಬ್ಬಳು ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಪಿಯುಸಿ ಸೈನ್ಸ್ ಮುಗಿಸಿದವಳು, ದೂರದಿಂದ ನಮ್ಮ ಪೈಕಿಯೇ ಆಗಬೇಕು. ಬೆಂಗಳೂರಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದಳು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, 371 ಜೆ ಸರ್ಟಿಫಿಕೇಟು ಎಲ್ಲವೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಒಪ್ಪವಾಗಿದ್ದವು. ಅವಳನ್ನು ತಡೆದು ನಿಲ್ಲಿಸಿದ್ದು ಅರ್ಜಿಯ ಕೊನೆಯ ಒಂದೇ ಒಂದು ಖಾಲಿ ಚೌಕ.

"ಸರ, ಐನೂರು ಶಬ್ದದಾಗ ನಿನ್ನ ಬಗ್ಗೆ ಬರಿ ಅಂದಾರ. ನನ್ನ ಬಗ್ಗೆ ಬರಿಯೋದು ಏನದ ರೀ?"

ಬರೆದದ್ದನ್ನು ತೋರಿಸು ಅಂದೆ. ನೋಟ್‌ಬುಕ್ ತೆರೆದಳು. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಕಡುಬಡ ರೈತ ಕುಟುಂಬದಲ್ಲಿ ಜನಿಸಿದ್ದು" ಎಂದು ಶುರುವಾಗಿ, "ತಮ್ಮ ವಿಧೇಯ ವಿದ್ಯಾರ್ಥಿನಿ" ಎಂದು ಮುಗಿದಿತ್ತು. ನಗು ಬಂತು. ಮರುಕ್ಷಣ ನಾಚಿಕೆಯೂ ಆಯಿತು. ರಜೆ ಚೀಟಿಯಿಂದ ಹಿಡಿದು ನೌಕರಿಯವರೆಗೆ ನಾನೂ ಜೀವನವಿಡೀ ಬರೆದದ್ದು ಇದೇ ವಾಕ್ಯವನ್ನು. ನಮಗೆ ಶಾಲೆಯಲ್ಲಿ ಪತ್ರಲೇಖನ ಕಲಿಸಿದ್ದರು. ಆದರೆ ಆ ಪತ್ರದೊಳಗೆ ನಾವು ಇರಬಾರದು ಎಂಬುದನ್ನೂ ಜೊತೆಯಲ್ಲೇ ಕಲಿಸಿದ್ದರು.

ಅವಳಿಗೆ ಸಹಾಯ ಮಾಡಲು ಕುಳಿತಾಗ ತಲೆಯಲ್ಲಿ ಒಂದು ಪ್ರಶ್ನೆ ಹೊಕ್ಕಿತು. ವಿದ್ಯೆಯ ಬಾಗಿಲಲ್ಲಿ ನಿಂತವರನ್ನು "ನೀನು ಯಾರು" ಎಂದು ಕೇಳುವುದು ಯಾವಾಗಿನಿಂದ ಬಂತು? ಯಾಕೆ ಬಂತು?

ನಮ್ಮ ಜಿಲ್ಲೆಯಲ್ಲೇ ಹಳೆಯ ಕಾಲೇಜೊಂದರ ಗುರುತಿದೆ. ಚಿತ್ತಾಪುರದ ಹತ್ತಿರದ ನಾಗಾವಿ. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದ, ಕ್ರಿ.ಶ. 1058ರ ಶಾಸನ ಅಲ್ಲಿನ ಘಟಿಕಾಸ್ಥಾನದ ಲೆಕ್ಕವನ್ನು ಬಿಚ್ಚಿಡುತ್ತದೆ. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ ಸುಮಾರು 50 ಮಂದಿ, ಅವರಿಗೆ ಉಪಾಧ್ಯಾಯರು, ಪುಸ್ತಕ ಕಾಯಲು 6 ಮಂದಿ ಸರಸ್ವತೀ ಭಂಡಾರಿಗರು. ಒಂಬೈನೂರು ವರ್ಷಗಳ ಹಿಂದೆ ಗ್ರಂಥಪಾಲಕರಿಗೆ ಸಂಬಳ ಗೊತ್ತು ಮಾಡಿದ ಊರು ನಮ್ಮ ಜಿಲ್ಲೆಯಲ್ಲಿದೆ ಎಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ. ಆದರೆ ಅಲ್ಲಿ ವೇದ ಓದಲು ಬಂದವನನ್ನು ನಿನ್ನ ಬಗ್ಗೆ ಹೇಳು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಉತ್ತರ ಹುಟ್ಟಿನಲ್ಲೇ ಇತ್ತು. ಹಿರೋಳ್ಳಿಯ ಈ ಹುಡುಗಿಯಂಥವರು ಆ ಬಾಗಿಲವರೆಗೂ ಹೋಗುತ್ತಿರಲಿಲ್ಲ.

ಆಮೇಲೆ ಬಂದದ್ದು ಅರ್ಜಿಯ ಕಾಲ. ಅರ್ಜಿ ಎಂಬ ಮಾತೇ ಅರಬ್ಬಿಯಿಂದ ಬಂದದ್ದು, ದೊಡ್ಡವರ ಮುಂದೆ ವಿಷಯವನ್ನು ಇಡುವುದು ಎಂದು ಅರ್ಥ. ದಾಖಲಾತಿ, ದಸ್ಕತ್ತು, ಮೊಹರು, ತಹಶೀಲ್ದಾರ ಇವೆಲ್ಲ ಅದೇ ದಾರಿಯಲ್ಲಿ ನಮ್ಮ ಬಾಯಿಗೆ ಬಂದು ಕನ್ನಡವೇ ಆಗಿಹೋದವು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ 19ನೇ ಶತಮಾನದ ಕೊನೆಗೆ ಪರ್ಷಿಯನ್ ಹೋಗಿ ಉರ್ದು ಆಡಳಿತ ಭಾಷೆಯಾಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಶುರುವಾಯಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಎಂಬುದು ಆ ಕಾಲಕ್ಕೆ ದೊಡ್ಡ ಸಾಹಸ. ಆದರೆ ಆಳಂದದ ಕನ್ನಡದ ಹುಡುಗನಿಗೆ ಅದು ತನ್ನ ಮನೆಯ ಭಾಷೆಯಾಗಿರಲಿಲ್ಲ. ಕಲಬುರಗಿಯಲ್ಲಿ 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯದಂಥ ಖಾಸಗಿ ಶಾಲೆಗಳು ಬೆರಳೆಣಿಕೆ. ಹೀಗಾಗಿ ಸರಕಾರದ ಜೊತೆ ಮಾತಾಡಬೇಕಾದರೆ ನಡುವೆ ಒಬ್ಬ ಬರೆದುಕೊಡುವವ ಬೇಕಾದ. ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಅವನು ಬರೆಯುತ್ತಿದ್ದ, ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಅವನ ಬರಹದಲ್ಲಿ ಎಲ್ಲರೂ ಒಂದೇ ಥರದ ಬಡವರು, ಎಲ್ಲರೂ ಒಂದೇ ಥರದ ವಿಧೇಯರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಅರ್ಜಿಯ ಭಾಷೆ ಕನ್ನಡವಾಯಿತು. ಧಾಟಿ ಮಾತ್ರ ಹಾಗೇ ಉಳಿಯಿತು.

ಇನ್ನು ಆ ಐನೂರು ಪದಗಳ ಪ್ರಬಂಧ. ಅದು ನಮ್ಮ ಮಣ್ಣಿನದಲ್ಲ, ಅಮೆರಿಕದಿಂದ ಬಂದದ್ದು. ಅದರ ಹುಟ್ಟಿನ ಕಥೆ ಅಷ್ಟು ಚೆಂದದ್ದಲ್ಲ. 20ನೇ ಶತಮಾನದ ಆರಂಭದವರೆಗೆ ಅಲ್ಲಿನ ದೊಡ್ಡ ಕಾಲೇಜುಗಳಿಗೆ ಪರೀಕ್ಷೆ ಪಾಸಾದರೆ ಸಾಕಿತ್ತು. ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿಗಳ ಮಕ್ಕಳು ಆ ಪರೀಕ್ಷೆಗಳನ್ನು ಚೆನ್ನಾಗಿಯೇ ಪಾಸು ಮಾಡತೊಡಗಿದಾಗ ಕಾಲೇಜುಗಳಿಗೆ ಗಾಬರಿಯಾಯಿತು. 1919ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಎಂಟು ಪುಟಗಳ ಹೊಸ ಅರ್ಜಿ ನಮೂನೆ ತಂದಿತು. ಫೋಟೋ ಅಂಟಿಸು, ಧರ್ಮ ಹೇಳು, ಅಪ್ಪ ಹುಟ್ಟಿದ ಊರು ಹೇಳು, ಅಮ್ಮನ ತವರಿನ ಹೆಸರು ಹೇಳು. 1922ರಲ್ಲಿ ಹಾರ್ವರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹುಟ್ಟಿದಾಗಿನಿಂದ ನಿನ್ನ ಹೆಸರಾಗಲಿ ನಿನ್ನ ಅಪ್ಪನ ಹೆಸರಾಗಲಿ ಬದಲಾಗಿದೆಯೇ ಎಂದು ಕೇಳಿತು. ಶಿಫಾರಸು ಪತ್ರ, ಸಂದರ್ಶನ, ತನ್ನ ಬಗ್ಗೆ ಬರಹ ಒಂದೊಂದಾಗಿ ಸೇರಿಕೊಂಡವು. ಅಂಕ ನೋಡಿದರೆ ಒಳಗೆ ಬಿಡಬೇಕಾಗಿದ್ದವನನ್ನು ಗುಣ, ನಡತೆ, ವ್ಯಕ್ತಿತ್ವ ಎಂದು ಹೇಳಿ ಹೊರಗೆ ನಿಲ್ಲಿಸುವ ಉಪಾಯ ಅದು.

ಅದೇ ಕೊಲಂಬಿಯಾದಲ್ಲಿ ಆ ನಮೂನೆ ಬರುವ ಆರು ವರ್ಷ ಮೊದಲೇ, 1913ರಲ್ಲಿ, ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಒಬ್ಬ ತರುಣ ಹೋಗಿ ಸೇರಿದ್ದ. ಓದಿ ಬಂದ ಮೇಲೆ ಸಂಸ್ಥಾನದ ಚಾಕರಿ ಮಾಡುತ್ತೇನೆಂದು ಕರಾರಿಗೆ ಸಹಿ ಹಾಕಿ ಹೊರಟಿದ್ದ ಅವನ ಹೆಸರು ಭೀಮರಾವ್ ಅಂಬೇಡ್ಕರ್. ಆ ಬಾಗಿಲು ಅವರಿಗೆ ತೆರೆಯದೇ ಹೋಗಿದ್ದರೆ ನಮ್ಮ ಕಥೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ಬಾಗಿಲು ಮುಚ್ಚಲು ಮಾಡಿದ ಪ್ರಶ್ನೆಗೂ ಬಾಗಿಲು ತೆರೆಯುವ ಉತ್ತರ ಕೊಡಬಹುದು. ಇದಕ್ಕೆ ಸಾಕ್ಷಿ ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಹಿರೋಳ್ಳಿ ದಾಟಿದರೆ ಮಹಾರಾಷ್ಟ್ರ, ಅಕ್ಕಲಕೋಟ ತಾಲ್ಲೂಕು. ಆ ತಾಲ್ಲೂಕಿನ ಹನ್ನೂರಿನಲ್ಲಿ 1956ರಲ್ಲಿ, ಅಂದರೆ ನಮ್ಮ ಊರುಗಳ ನಡುವೆ ಈಗಿನ ರಾಜ್ಯದ ಗಡಿ ಬಿದ್ದ ವರ್ಷವೇ, ಶರಣಕುಮಾರ ಲಿಂಬಾಳೆ ಹುಟ್ಟಿದರು. ತಾಯಿ ದಲಿತ ಹೆಣ್ಣುಮಗಳು, ತಂದೆ ಮೇಲ್ಜಾತಿಯ ಪಾಟೀಲ. ಮದುವೆ ಇಲ್ಲ. ಶಾಲೆಗೆ ಹೆಸರು ಹಚ್ಚುವಾಗ ಅಪ್ಪನ ಹೆಸರೇನು ಎಂಬ ಪ್ರಶ್ನೆ. ಮುಂದೆ ಫೀ ರಿಯಾಯಿತಿಯ ಅರ್ಜಿಗೆ ಸರಪಂಚನ ಸಹಿ ಬೇಕಾದಾಗ ಮತ್ತೆ ಅದೇ ಪ್ರಶ್ನೆ: ಇವನು ಯಾರ ಮಗ, ಯಾವ ಜಾತಿ? ಅರ್ಜಿಯ ಮೂರು ಖಾಲಿ ಗೆರೆಗಳು ಒಬ್ಬ ಹುಡುಗನ ಮುಂದೆ ಗೋಡೆಯಂತೆ ನಿಂತವು. ಆ ಗೆರೆಗಳಲ್ಲಿ ಹಿಡಿಸದ ಉತ್ತರವನ್ನು ಅವರು 1984ರಲ್ಲಿ ಪುಸ್ತಕ ಮಾಡಿದರು. ಅದೇ 'ಅಕ್ಕರಮಾಶಿ'. ಆಗ ಅವರಿಗೆ 28 ವರ್ಷ. ಮುಂದೆ ಅದೇ ಲೇಖಕರಿಗೆ ಸರಸ್ವತಿ ಸಮ್ಮಾನ್ ಬಂತು.

ಕನ್ನಡದಲ್ಲೂ ಹೀಗೇ ಆಯಿತು. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ ಆತ್ಮಕಥನ 1994ರಲ್ಲಿ ಬಂತು. ಅದರ ಹೆಸರು 'ಗೌರ್ಮೆಂಟ್ ಬ್ರಾಹ್ಮಣ'. ಸರ್ಟಿಫಿಕೇಟು ತೋರಿಸಿ ಸೀಟು, ನೌಕರಿ ಪಡೆದವರನ್ನು ಕುಟುಕಲು ಜನ ಆಡುತ್ತಿದ್ದ ಮಾತನ್ನೇ ಅವರು ಮುಖಪುಟಕ್ಕೆ ಏರಿಸಿದರು. ಈ ಇಬ್ಬರೂ ಮಾಡಿದ್ದೇನು? ತಮ್ಮ ಕಡೆ ಎಸೆದ ಪ್ರಶ್ನೆಯನ್ನು ಹಿಡಿದು, ವಿಧೇಯ ವಿದ್ಯಾರ್ಥಿಯ ಧಾಟಿ ಬಿಟ್ಟು, ತಮ್ಮ ದನಿಯಲ್ಲಿ ಉತ್ತರಿಸಿದ್ದು. ಅನುಕಂಪ ಕೇಳಲಿಲ್ಲ. ಕಂಡದ್ದನ್ನು, ಉಂಡದ್ದನ್ನು ಹೆಸರು ಹಿಡಿದು ಹೇಳಿದರು.

ನಮ್ಮ ಭಾಗಕ್ಕೆ ಸಿಕ್ಕ 371 ಜೆ ಕೂಡ "ನೀನು ಎಲ್ಲಿಯವನು" ಎಂದೇ ಕೇಳುತ್ತದೆ, ಆದರೆ ಒಳಗೆ ಕರೆಯಲು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ವಿಧಿ 2013ರಲ್ಲಿ ಜಾರಿಯಾಗಿ, ಈ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ನಮ್ಮ ಮಕ್ಕಳಿಗೆ ಮೀಸಲಾದವು. ಈ ಹುಡುಗಿಯ ಕವರಿನಲ್ಲಿದ್ದ ಆ ಒಂದು ಹಾಳೆಯ ಹಿಂದೆ ದಶಕಗಳ ಹೋರಾಟವಿದೆ. ಅದನ್ನು ಕಡಿಮೆ ಎನ್ನಲಾರೆ. ಆದರೆ ಸರ್ಟಿಫಿಕೇಟು ಹೇಳುವುದು ನಾವು ಯಾರ ಪೈಕಿ ಎಂಬುದನ್ನು ಮಾತ್ರ. ಆ ಪೈಕಿಯಲ್ಲಿ ನಾನು ಯಾರು ಎಂಬುದನ್ನು ಯಾವ ಸಹಾಯಕ ಆಯುಕ್ತರೂ ಬರೆದುಕೊಡಲಾರರು. ಇವತ್ತು ಮೊಬೈಲಿಗೆ ಹೇಳಿದರೆ ಅದು ಕ್ಷಣದಲ್ಲಿ ಚೆಂದದ ಇಂಗ್ಲಿಷಿನಲ್ಲಿ ಬರೆದುಕೊಡುತ್ತದಲ್ಲ? ಕೊಡುತ್ತದೆ. ಅದು ಬೇವಿನ ಮರದ ಕೆಳಗಿನವನ ಹೊಸ ಅವತಾರ. ಅದರ ಬರಹದಲ್ಲೂ ಎಲ್ಲರೂ ಒಂದೇ ಥರ.

ಹುಡುಗಿಯ ಆ ಅರ್ಜಿಯನ್ನು ಬದಿಗಿಟ್ಟು ಸುಮ್ಮನೆ ಮಾತಿಗೆ ಎಳೆದೆ. ಹೊಲದಲ್ಲಿ ಏನು ಬೆಳೆ? ತೊಗರಿ. 2022ರಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದದ್ದು ನಿಮ್ಮಲ್ಲೂ ಆಯಿತೇ? ಆಯಿತು. ಅಷ್ಟು ಕೇಳಿದ್ದೇ ತಡ, ಅವಳ ಮಾತು ಹರಿಯಿತು.

"ಅಪ್ಪ ಎಲ್ಲಾ ಹೋಯ್ತಂದು ತಲಿ ಮ್ಯಾಲ ಕೈ ಹೊತ್ತು ಕುಂತಿದ್ದ ರೀ. ನಾ ದಿನಾ ಸಾಲ ಎಣಿಸ್ತಿದ್ದೆ. ಇಳಕಲು ಇದ್ದಲ್ಲಿ, ನೀರು ನಿಂತಲ್ಲಿ ಮೊದಲ ಒಣಗಿತ್ತು. ದಿಬ್ಬದ ಮ್ಯಾಲಿಂದು ತಡಾ ಆಗಿ ಒಣಗಿತು. ಗಿಡ ಸೀಳಿ ನೋಡಿದ್ರ ಒಳಗ ಕರ್ರಗ ಗೆರಿ ಇತ್ತು. ಎಲ್ಲಾ ನೋಟ್‌ಬುಕ್ಕಿನ್ಯಾಗ ಬರದೀನಿ."

"ಯಾಕೆ ಬರೆದೆ?"

"ಸುಮ್ಮ ರೀ. ಯಾಕ ಹಂಗ ಆತು ಅಂತ ತಿಳೀಬೇಕಿತ್ತು."

ಇದನ್ನೇ ಬರಿ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಒಣಗಿದ ತೊಗರಿಯನ್ನು ಬೆಂಗಳೂರಿನವರು ಯಾಕೆ ಓದುತ್ತಾರೆ? ಓದುತ್ತಾರೆ ಅಂದೆ. ಬಡತನ ಸಾವಿರಾರು ಅರ್ಜಿಗಳಲ್ಲಿ ಇರುತ್ತದೆ, ಸಾಲುಗಳನ್ನು ಎಣಿಸಿದವಳು ನಿನ್ನ ಅರ್ಜಿಯಲ್ಲಿ ಮಾತ್ರ ಇರುತ್ತಾಳೆ. ಜೀವಶಾಸ್ತ್ರ ಇಷ್ಟ ಎಂದು ಹೇಳಬೇಡ, ಗಿಡ ಸೀಳಿ ನೋಡಿದ್ದನ್ನು ಹೇಳು. ಎಲ್ಲಿ ನಿನಗೆ ತಿಳಿಯಲಿಲ್ಲವೋ ಅದನ್ನೂ ಹೇಳು, ತಿಳಿಯಲಿಕ್ಕೇ ಅಲ್ಲವೇ ಕಾಲೇಜಿಗೆ ಹೋಗುವುದು? ಮೊದಲು ನಿನ್ನ ಮಾತಿನಲ್ಲೇ ಬರಿ, ಇಂಗ್ಲಿಷಿಗೆ ಆಮೇಲೆ ತಿರುಗಿಸೋಣ.

ಮೂರು ದಿನ ಬರೆದಳು. ಮೊದಲ ಸಲ "ಮಾನ್ಯರೇ" ಹೋಯಿತು. ಎರಡನೇ ಸಲ "ಕಡುಬಡ" ಹೋಯಿತು. ಕೊನೆಗೆ ಬಂದಾಗ ಒಂದು ವಿಷಯ ಬಿಟ್ಟಿದ್ದಳು. ಆ ವರ್ಷ ಅವ್ವ ಮಾಡಿದ ಸಾಲದ ಸಂಗತಿ. ನನಗೆ ಮಾತಿನ ಭರದಲ್ಲಿ ಹೇಳಿದ್ದಳು. ಹಾಕಿದ್ದರೆ ಬರಹಕ್ಕೆ ತೂಕ ಬರುತ್ತಿತ್ತೇನೋ ಎಂದು ನಾನೇ ಬಾಯಿಬಿಟ್ಟೆ.

"ಅದು ಅವ್ವಂದು ರೀ ಸರ, ನಂದಲ್ಲ. ನಾ ಬರಿಯಂಗಿಲ್ಲ."

ನಾನು ಸುಮ್ಮನಾದೆ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟು, ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ಹಿಡಿಯುವುದನ್ನು ರದ್ದು ಮಾಡಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತೆಂದು ವಿದ್ಯಾರ್ಥಿ ಪ್ರಬಂಧದಲ್ಲಿ ಬರೆದರೆ ಅದನ್ನು ಪರಿಗಣಿಸಬಹುದು ಎಂದಿತು. ಅಂದರೆ ಹಕ್ಕಾಗಿ ಸಿಗುತ್ತಿದ್ದದ್ದಕ್ಕೆ ಅಲ್ಲಿನ ಮಕ್ಕಳು ಈಗ ಗಾಯ ಬಿಚ್ಚಿ ತೋರಿಸಬೇಕು. ಈ ಹುಡುಗಿ ಅದನ್ನು ಓದಿರಲಿಲ್ಲ. ಆದರೂ ಯಾವುದು ತನ್ನ ಕಥೆ, ಯಾವುದನ್ನು ಮಾರಬಾರದು ಎಂಬುದು ಅವಳಿಗೆ ಗೊತ್ತಿತ್ತು. ಅರ್ಜಿಯಲ್ಲಿ ತಾನಿರಬೇಕು ಎಂದು ನಾನು ಅವಳಿಗೆ ಕಲಿಸಿದೆ. ಎಷ್ಟು ಇರಬೇಕು ಎಂಬುದನ್ನು ಅವಳೇ ನನಗೆ ಕಲಿಸಿದಳು.

ಐನೂರು ಪದಕ್ಕೆ ಜಾಗವಿತ್ತು. ಅವಳು ನಾನೂರ ಮೂವತ್ತಕ್ಕೆ ನಿಲ್ಲಿಸಿದಳು. ಕೊನೆಗೆ ವಿಧೇಯ ವಿದ್ಯಾರ್ಥಿನಿ ಎಂದು ಇರಲಿಲ್ಲ. ಬರೀ ಅವಳ ಹೆಸರಿತ್ತು.