ವಾಹ್ಯಪರೀಕ್ಷೆಯ ಐದು ದಿನಗಳು

ಜಯನಗರದ ಅಡ್ಡರಸ್ತೆಗಳಲ್ಲಿ ಇಂದು ಮರಗಳ ನೆರಳಿನಲ್ಲಿ ಎರಡು ಕಡೆಯೂ ಒತ್ತಾಗಿ ನಿಂತಿರುವ ಕಾರುಗಳ ಸಾಲನ್ನು ಕಂಡವರಿಗೆ, 1948ರಲ್ಲಿ ಈ ಬಡಾವಣೆಗೆ ಅಸ್ತಿಭಾರ ಬಿದ್ದ ಕಾಲದಲ್ಲಿ ಸಿದ್ಧಾಪುರ, ಬೈರಸಂದ್ರ, ಯಡಿಯೂರುಗಳ ಹೊಲಗಳ ನಡುವಣ ಜಾಡಿನಲ್ಲಿ ಸಾಗುತ್ತಿದ್ದುದು ಬಹುಮಟ್ಟಿಗೆ ಎತ್ತಿನ ಗಾಡಿಯೇ ಎಂಬ ಮಾತು ಕಟ್ಟುಕಥೆಯಂತೆ ತೋರಬಹುದು. ಆದರೆ ವಾಹನ ಬದಲಾಯಿತೇ ಹೊರತು, ಒಬ್ಬರು ಬಳಸಿದುದನ್ನು ಇನ್ನೊಬ್ಬರು ಕೊಳ್ಳುವಾಗ ಮಾರುವವನು ದೋಷವನ್ನು ಮರೆಸುವುದೂ ಕೊಳ್ಳುವವನು ಅದನ್ನು ಬೆದಕಿ ತೆಗೆಯುವುದೂ ಬದಲಾಗಲಿಲ್ಲ.

ಈ ಸೀಮೆಯ ರೈತನು ಎತ್ತು ಕೊಳ್ಳುವುದಕ್ಕೆ ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುವುದುಂಟು. ಅಲ್ಲಿ ಮಾರುವವನು ಹೇಳಿದ ವಯಸ್ಸನ್ನು ಯಾರೂ ಹಾಗೆಯೇ ನಂಬುವುದಿಲ್ಲ. ಮೂಗುದಾರ ಹಿಡಿದು, ತುಟಿಯನ್ನು ಮೇಲೆತ್ತಿ, ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಆರು ಹಲ್ಲಿನದೋ, ಅಥವಾ ಬಾಯಿಗೂಡಿದುದೋ ಎಂದು ಕಣ್ಣಾರೆ ಎಣಿಸಿ, ಮೈಮೇಲಿನ ಸುಳಿ ನೋಡಿ, ಹತ್ತು ಹೆಜ್ಜೆ ನಡೆಸಿ, ಕುಂಟಿಲ್ಲವೆಂದು ಖಾತ್ರಿಯಾದ ಮೇಲೆಯೇ ದಲ್ಲಾಳಿಯ ಟವಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾರೆ. ಬೆಲೆ ಗುಟ್ಟು, ವಸ್ತು ಬಯಲು: ಇದು ಜಾತ್ರೆಯ ನ್ಯಾಯ.

ಹಲ್ಲೆಣಿಸಿದ ಮಾತ್ರಕ್ಕೆ ಎತ್ತಿನ ಗುಣ ತಿಳಿಯುವುದಿಲ್ಲ, ನೊಗಕ್ಕೆ ಹೆಗಲು ಕೊಟ್ಟಾಗಲೇ ತಿಳಿಯುವುದು ಎಂಬುದನ್ನು ನಮ್ಮ ಧರ್ಮಶಾಸ್ತ್ರಕಾರರೂ ಬಲ್ಲವರಾಗಿದ್ದರು. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದು ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದುದು ಯಾವ ಯಾಜ್ಞವಲ್ಕ್ಯಸ್ಮೃತಿಗೋ, ಆ ಸ್ಮೃತಿಯಲ್ಲಿ, ಕೊಂಡ ಪದಾರ್ಥವನ್ನು ಪರೀಕ್ಷಿಸುವುದಕ್ಕೆ ಒಂದೊಂದಕ್ಕೂ ಒಂದೊಂದು ಅವಧಿಯನ್ನು ವಿಧಿಸಿದೆ: ಕಬ್ಬಿಣಕ್ಕೆ 1 ದಿನ, ಕರೆಯುವ ಹಸುವಿಗೆ 3 ದಿನ, ಹೊರುವ ಎಳೆಯುವ 'ವಾಹ್ಯ'ಕ್ಕೆ 5 ದಿನ, ರತ್ನಕ್ಕೆ 7 ದಿನ, ಬೀಜಕ್ಕೆ 10 ದಿನ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದ ತಾಳೆಯೋಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವಾದರೋ, ರೋಗವುಳ್ಳದ್ದನ್ನು ಆರೋಗ್ಯವಾಗಿದೆಯೆಂದು ಹೇಳಿ ಮಾರಿದವನಿಗೆ 12 ಪಣಗಳ ದಂಡವನ್ನು ಹೇಳಿ, ನಾಲ್ಕು ಕಾಲಿನ ಪ್ರಾಣಿಯನ್ನು ಹಿಂದಿರುಗಿಸುವುದಕ್ಕೆ ಮೂರು ಪಕ್ಷಗಳಷ್ಟು ಕಾಲಾವಕಾಶವನ್ನೂ ಕೊಡುತ್ತದೆ.

ಬಡಾವಣೆಯಲ್ಲಿ ಮನೆಗಳೆದ್ದು ಕಾರುಗಳು ಬಂದವು. ಅಂಬಾಸಿಡರ್, ಮುಂದೆ ಪ್ರೀಮಿಯರ್ ಪದ್ಮಿನಿಯೆನಿಸಿದ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇವಿಷ್ಟರಲ್ಲಿಯೇ ದೇಶದ ಆಯ್ಕೆಯು ಬಹುಮಟ್ಟಿಗೆ ಮುಗಿದಿದ್ದು, ಹೊಸದಕ್ಕೆ ಹಣ ಕಟ್ಟಿದವರು ವರ್ಷಗಟ್ಟಲೆ ಸರದಿ ಕಾಯಬೇಕಾಗಿದ್ದ ಆ ದಿನಗಳಲ್ಲಿ, ಮಧ್ಯಮವರ್ಗದ ಗೃಹಸ್ಥನಿಗೆ ಕಾರು ಕೊಳ್ಳುವುದೆಂದರೆ ಸೆಕೆಂಡ್ ಹ್ಯಾಂಡ್ ಕೊಳ್ಳುವುದೆಂದೇ ಅರ್ಥವಾಗಿತ್ತು. ಮಾರುವವರು ಅನೇಕ ವೇಳೆ ಹಿಂದಿನ ಬೀದಿಯ ನಿವೃತ್ತ ಅಧಿಕಾರಿಗಳೋ, ಪರಿಚಿತ ವೈದ್ಯರೋ ಆಗಿರುತ್ತಿದ್ದರು; ಗಾಡಿಯ ಚರಿತ್ರೆ ಬಡಾವಣೆಗೆಲ್ಲ ಗೊತ್ತು. ಜಯನಗರ ಹುಟ್ಟಿದ 1948ರಲ್ಲಿಯೇ ಹುಟ್ಟಿದ ಪ್ರಜಾವಾಣಿಯಂತಹ ಪತ್ರಿಕೆಗಳ ವರ್ಗೀಕೃತ ಜಾಹೀರಾತಿನ ಮೂಲಕ ಅಪರಿಚಿತನ ಕಾರು ಬಂದರೂ, ಅದು ಮನೆಯ ಮುಂದೆ ನಿಂತ ಮೇಲೆಯೇ ಮಾತುಕತೆ.

ಮೋಸವಿರಲಿಲ್ಲವೆಂದಲ್ಲ. ಆ ಕಾಲದ ಅನೇಕ ಕಾರುಗಳ ಮೀಟರಿನಲ್ಲಿ ಐದೇ ಅಂಕಿಗಳಿದ್ದು, 99,999 ದಾಟಿದೊಡನೆ ಅದು ತಾನಾಗಿಯೇ ಸೊನ್ನೆಗೆ ಬಂದು ಮುದುಕನನ್ನು ಶಿಶುವಾಗಿಸುತ್ತಿತ್ತು. ಕೇಬಲ್ ಬಿಚ್ಚಿ ಓಡಿಸಿದರೆ ಓಡಿದ ದೂರ ಲೆಕ್ಕಕ್ಕೇ ಬರುತ್ತಿರಲಿಲ್ಲ. ನನ್ನ ನೆರೆಯವರೊಬ್ಬರು ಕೊಳ್ಳಲಿದ್ದ ಕಾರನ್ನು ನೋಡಲು ಬಂದ ಮೇಸ್ತ್ರಿಯೊಬ್ಬನು, "ಮೀಟರ್ ಬಿಡಿ ಸ್ವಾಮಿ, ಪೆಡಲ್ ನೋಡಿ" ಎಂದದ್ದು ನನಗೆ ಇಂದಿಗೂ ನೆನಪಿದೆ. ಮೀಟರು ಮೂವತ್ತು ಸಾವಿರವೆನ್ನುತ್ತಿತ್ತು. ಕ್ಲಚ್ಚಿನ ರಬ್ಬರು ಸವೆದು ಕನ್ನಡಿಯಂತೆ ನುಣುಪಾಗಿತ್ತು. ಅವನು ಬಾಗಿಲಂಚಿನ ರಬ್ಬರ್ ಬೀಡಿಂಗನ್ನು ಮೆಲ್ಲಗೆ ಎಳೆದು, ಒಂದು ಕಡೆ ಬೆಸುಗೆಯ ಚುಕ್ಕೆಗಳು ಸಮಾನ ಅಂತರದಲ್ಲಿಯೂ ಇನ್ನೊಂದು ಕಡೆ ಅಂಕುಡೊಂಕಾಗಿಯೂ ಇರುವುದನ್ನು ತೋರಿಸಿ, ಬಾನೆಟ್ಟಿನ ಬೋಲ್ಟುಗಳ ತಲೆಯ ಮೇಲಿನ ಸ್ಪ್ಯಾನರಿನ ಗಾಯವನ್ನು ಬೆರಳಿನಿಂದ ಸವರಿ, "ಟಿಂಕರಿಂಗ್ ಆಗಿದೆ" ಎಂದಷ್ಟೇ ಹೇಳಿ ಕೈ ಒರೆಸಿಕೊಂಡನು. ಜಾತ್ರೆಯಲ್ಲಿ ಹಲ್ಲೆಣಿಸಿದವನ ವಂಶವೇ ಇದು ಎಂದು ಅನ್ನಿಸಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬೀದಿಗಿಳಿಯಿತು. 1988ರ ಮೋಟಾರು ವಾಹನಗಳ ಕಾಯಿದೆ ಮರುವರ್ಷ ಜಾರಿಗೆ ಬಂದ ಮೇಲೆ ಜಯನಗರದ ಸಾರಿಗೆ ಕಚೇರಿಯ ಗುರುತಾದ 'ಕೆಎ 05' ಫಲಕಗಳು ಬೀದಿ ತುಂಬಿದವು. ಬಳಿಕ ಅಂತರ್ಜಾಲವು ಜಾತ್ರೆಯ ನ್ಯಾಯವನ್ನು ತಲೆಕೆಳಗು ಮಾಡಿತು. ಇಲ್ಲಿ ಬೆಲೆ ಬಯಲು, ವಸ್ತು ಗುಟ್ಟು. ಹೊಳೆಯುವ ಹತ್ತು ಚಿತ್ರಗಳುಂಟು. ಒದ್ದೆ ಕಾರ್ಪೆಟ್ಟಿನ ಮುಗ್ಗುಲು ವಾಸನೆ ಚಿತ್ರದಲ್ಲಿ ಬರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಣ ಮಹಡಿಮನೆಗಳ ನೆಲಮಾಳಿಗೆಗಳಲ್ಲಿ ಮುಳುಗಿ ನಿಂತ ಕಾರುಗಳನ್ನು ನೆನೆದರೆ ಈ ವಾಸನೆಯ ಬೆಲೆಯೆಷ್ಟೆಂಬುದು ತಿಳಿದೀತು. ಸೈನಿಕನ ವೇಷದ ಮಾತನಾಡಿ, ವರ್ಗವಾಗಿದೆಯೆಂದು ಹೇಳಿ, ಇಲ್ಲದ ಕಾರಿಗೆ ಅಡ್ವಾನ್ಸ್ ಹಾಕಿಸಿಕೊಳ್ಳುವ ವಂಚಕರು ಈ ನಗರದಲ್ಲಿ ಅನೇಕರನ್ನು ಬಲಿ ತೆಗೆದುಕೊಂಡಿದ್ದಾರೆ. ಅಂತಹ ಸಂದರ್ಭದಲ್ಲಿ ಕ್ಷಣವೂ ತಡಮಾಡದೆ 1930 ಎಂಬ ಸಂಖ್ಯೆಗೆ ಕರೆ ಮಾಡುವುದೊಂದೇ ಹಣವನ್ನು ತಡೆಹಿಡಿಸುವ ಸಮೀಪದ ದಾರಿ.

ಕಾರು ನಿಜವಾಗಿದ್ದು ಮಾತು ಸುಳ್ಳಾದರೆ ಗತಿಯೇನು? ಕೊಳ್ಳುವವನೇ ಎಚ್ಚರವಾಗಿರಬೇಕೆಂಬ ತತ್ತ್ವವನ್ನು 1930ರ ಸರಕು ಮಾರಾಟ ಕಾಯಿದೆಯು ಮೂಲಸೂತ್ರವಾಗಿ ಇಟ್ಟುಕೊಂಡಿದ್ದರೂ, 1872ರ ಕರಾರು ಕಾಯಿದೆಯ 17, 18 ಮತ್ತು 19ನೆಯ ಕಲಮುಗಳು, ವಂಚನೆಯಿಂದಲೋ ತಪ್ಪು ನಿರೂಪಣೆಯಿಂದಲೋ ಪಡೆದ ಸಮ್ಮತಿಯನ್ನು ಮೋಸಹೋದವನು ರದ್ದುಪಡಿಸಬಹುದೆನ್ನುತ್ತವೆ. ಆದರೆ ಮಾರುವವನು ಗೊತ್ತಿಲ್ಲದೆ ತಪ್ಪು ಹೇಳಿದ್ದರೆ, ಅಥವಾ ಬರಿಯ ಮೌನದಿಂದ ಮರೆಸಿದ್ದರೆ, ಸಾಮಾನ್ಯ ಶ್ರದ್ಧೆಯಿಂದ ತಾನೇ ಸತ್ಯವನ್ನು ತಿಳಿಯಬಹುದಾಗಿದ್ದವನಿಗೆ ಆ ಹಕ್ಕು ದಕ್ಕುವುದಿಲ್ಲ. ಆದುದರಿಂದ ಪೆಡಲ್ ನೋಡದವನಿಗೆ ಕಾನೂನಿನ ಮುಂದೆಯೂ ಬಲ ಕಡಿಮೆ. ವ್ಯಾಪಾರಿಯಿಂದ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಎರಡು ವರ್ಷಗಳೊಳಗೆ, ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ತನ್ನ ಸ್ವಂತದ ಒಂದೇ ಕಾರನ್ನು ಮಾರಿದ ಗೃಹಸ್ಥನ ಮೇಲಾದರೆ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯವನ್ನೋ, ಉದ್ದೇಶಪೂರ್ವಕ ವಂಚನೆಯಿದ್ದಲ್ಲಿ ಪೊಲೀಸರನ್ನೋ ಆಶ್ರಯಿಸಬೇಕು. ಹಳೆಯ ಕಾರುಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯ ಅಧಿಕೃತ ಮನ್ನಣೆ ಪಡೆಯಬೇಕೆಂಬ ಕೇಂದ್ರದ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ.

ಮಾರುವವನಿಗೂ ಎಚ್ಚರ ಬೇಕು. ಗಾಡಿಯನ್ನೂ ಕೀಲಿಯನ್ನೂ ಕೊಟ್ಟು, ಆರ್‌ಸಿಯಲ್ಲಿ ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಂಡವನು, ಆ ಗಾಡಿಯಿಂದ ಮುಂದೆ ಅಪಘಾತವಾದರೆ ಪರಿಹಾರಕ್ಕೆ ತಾನೇ ಹೊಣೆಯಾಗುವನೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಆದುದರಿಂದ 29 ಮತ್ತು 30ನೆಯ ನಮೂನೆಗಳ ಕಾಗದಗಳು ಸಾರಿಗೆ ಕಚೇರಿಗೆ ತಲಪುವವರೆಗೂ ಮಾರಾಟ ಮುಗಿಯಿತೆಂದು ಇಬ್ಬರೂ ಎಣಿಸಬಾರದು.

ಈಗ ಅಂತರ್ಜಾಲದ ಕೆಲವು ಮಾರಾಟಗಾರರು, ಐದು ಅಥವಾ ಏಳು ದಿನಗಳೊಳಗೆ ಕಾರನ್ನು ಹಿಂದಿರುಗಿಸಬಹುದೆಂದು ಯಾವುದೋ ನೂತನ ಔದಾರ್ಯದಂತೆ ಸಾರುತ್ತಿರುವುದನ್ನು ನೋಡಿದಾಗ, ಕಲ್ಯಾಣದ ಆ ವ್ಯಾಖ್ಯಾನಕಾರನು ನಸುನಕ್ಕಾನು. ಅದು ಔದಾರ್ಯವಲ್ಲ, ವಾಹ್ಯಕ್ಕೆ ಸಲ್ಲಬೇಕಾದ ಹಳೆಯ ಅವಧಿ. ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಚಿತ್ರ ನೋಡಿ ಹಣ ಕಟ್ಟಬೇಡಿರಿ, ಮೇಸ್ತ್ರಿಯನ್ನು ಕರೆದೊಯ್ಯಿರಿ, ಎಷ್ಟು ಕಿಲೋಮೀಟರು ಓಡಿದೆ, ಅಪಘಾತವಾಗಿದೆಯೆ, ನೀರಿನಲ್ಲಿ ನಿಂತಿತ್ತೆ, ಸಾಲ ಬಾಕಿಯಿದೆಯೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಸಹಿಯೊಡನೆ ಬರೆಸಿಕೊಳ್ಳಿರಿ, ಆ ಐದು ದಿನಗಳನ್ನೂ ಅದೇ ಕಾಗದದಲ್ಲಿ ಬರೆಸಿರಿ. ಬರೆದುಕೊಡಲು ಹಿಂಜರಿಯುವವನ ಕಾರು ಎಷ್ಟೇ ಅಗ್ಗವಾಗಿದ್ದರೂ ತುಟ್ಟಿಯೇ.